ಇಂಟರ್‌ವಲ್‌ಗೆ ಬರುವ ಕ್ಯಾಪ್ಟನ್

ದಾವಣಗೆರೆಯ ಎಲ್ಲ ಟಾಕೀಸುಗಳಂತೆ ಕೊಟ್ರಮ್ಮನ ಟಾಕೀಸಿನಲ್ಲೂ ಇಂಟರ್‌ವಲ್ ಆದಾಗ ಪ್ರೇಕ್ಷಕರ ಜೊತೆ ಸಿನಿಮಾದೊಳಗಿನವರೂ ಪರದೆಯಿಂದ ಇಳಿದು ಮಂಡಕ್ಕಿ ಮಿರ್ಚಿ ತಿನ್ನಲು ಬರುತ್ತಿದ್ದರು. ಬೆಲ್ ಹೊಡೆದರೆ ಇವರು ಕುರ್ಚಿಗೆ, ಅವರು ಪರದೆಗೆ.

ಈಗ ಹಳೆಯ ‘ಶನಿಗ್ರಹಕ್ಕೆ ಕೊನೇ ರಾಕೆಟ್’ ಮತ್ತೆ ಓಡುತ್ತಿತ್ತು. ಅದಕ್ಕೆ ಎರಡು ಪ್ರಿಂಟು. ಥಿಯೇಟರಿಗೆಂದು ಕತ್ತರಿಸಿದ್ದರಲ್ಲಿ ಕ್ಯಾಪ್ಟನ್ ಬದುಕಿ ಭೂಮಿಗೆ ಬರುತ್ತಾನೆ. ನಿರ್ದೇಶಕರ ಪೂರ್ತಿ ಪ್ರಿಂಟಿನಲ್ಲಿ ತನ್ನ ಆಕ್ಸಿಜನ್ ಜೊತೆಗಾರನಿಗೆ ಕೊಟ್ಟು ಸಾಯುತ್ತಾನೆ. ಪೂರ್ತಿಯದೇ ಬೇಕೆಂದು ಜನ ಎಷ್ಟು ಗಲಾಟೆ ಮಾಡಿದರೂ ಕೊಟ್ರಮ್ಮ ಜಗ್ಗಲಿಲ್ಲ. ದಿನಾ ತನ್ನ ಕೈಯಾರೆ ಕರಿದ ಮಿರ್ಚಿ ತಿನ್ನುವ ಮನುಷ್ಯನನ್ನು ಕೊಲ್ಲುವುದು ಹೇಗೆ?

ಕಡೆಗೆ ಕ್ಯಾಪ್ಟನ್ನೇ ಕೇಳಿದ. “ಅಮ್ಮಾರೇ, ನಾಳೆ ಆ ಪೂರ್ತಿ ಪ್ರಿಂಟ್ ಹಾಕ್ತೀರಾ?”

“ತಲೆ ಗಿಲೆ ಕೆಟ್ಟೈತಾ? ಅದ್ರಾಗೆ ನೀವು ಸಾಯ್ತೀರಿ!”

“ಗೊತ್ತು. ಇದರಲ್ಲಿ ಬದುಕ್ತೀನಿ, ಆದ್ರೆ ನಾನು ಮನೆ ಬಾಗಿಲು ತಟ್ಟೋ ಹೊತ್ತಿಗೆ ಸಿನಿಮಾನೇ ಮುಗಿದುಹೋಗುತ್ತೆ. ಅದರಲ್ಲಿ ಶುರುವಿಗೇ ನಾನು ಮಗಳಿಗೆ ಜಡೆ ಹಾಕೋ ಸೀನ್ ಇದೆಯಂತೆ. ಸಿನಿಮಾ ಎಳೆಯುತ್ತೆ ಅಂತ ಕತ್ತರಿಸಿಬಿಟ್ಟರಂತೆ.”

ಮರುದಿನ ಕೊಟ್ರಮ್ಮ ಗೊಣಗುತ್ತಲೇ ಆ ಪ್ರಿಂಟ್ ಹಾಕಿಸಿದಳು. ಇಂಟರ್‌ವಲ್‌ಗೆ ಕ್ಯಾಪ್ಟನ್ ಒಂದು ಪುಟ್ಟ ಹುಡುಗಿಯ ಕೈ ಹಿಡಿದುಕೊಂಡು ಬಂದ. ಅವಳ ಜಡೆ ಸೊಟ್ಟಗಿತ್ತು.

“ಎರಡು ಮಿರ್ಚಿ, ಅಮ್ಮಾರೇ. ಒಂದಕ್ಕೆ ಖಾರ ಕಡಿಮೆ ಇರಲಿ.”

ಹುಡುಗಿ ಊದಿ ಊದಿ ತಿನ್ನತೊಡಗಿದಳು. ತಿಂದು ಮುಗಿಸಿ ಒಳಗೆ ಹೋಗಿ ಕೂತಿದ್ದ ಜನ ಸಿನಿಮಾ ಶುರು ಮಾಡಿರೆಂದು ಸಿಳ್ಳೆ ಹೊಡೆದರು. ಕೊಟ್ರಮ್ಮ ಬೆಲ್ಲಿನ ಮೇಲಿಟ್ಟಿದ್ದ ಕೈ ತೆಗೆದು, ಬಾಣಲೆಗೆ ಇನ್ನೊಂದಷ್ಟು ಮಿರ್ಚಿ ಬಿಟ್ಟಳು.