ಕೆರೆಯ ಚಿತ್ರದ ಕೊನೆಯ ಲೋಟ

ಆ ಚಿತ್ರಶಾಲೆಯಲ್ಲಿ ಒಂದೊಂದು ಚಿತ್ರಕ್ಕೂ ಅದರದೇ ಬಿಯರು. ಚಿತ್ರದೆದುರು ನಿಂತು ಕುಡಿದವರು ಅದರೊಳಗೆ ಇಳಿಯುತ್ತಿದ್ದರು, ಲೋಟದ ನೊರೆ ಆರಿದೊಡನೆ ಮರಳುತ್ತಿದ್ದರು. ಸುರಿದುಕೊಡುವವರು ಮಾತ್ರ ಕುಡಿಯಬಾರದೆಂಬ ಕಟ್ಟಳೆ. ಆ ಕೆಲಸದ ಹನ್ನೊಂದು ವರ್ಷದಲ್ಲಿ ಲೋಲಾಕ್ಷಿ ಒಂದು ಗುಟುಕೂ ಕುಡಿದವಳಲ್ಲ.

ಕೆರೆಯ ಚಿತ್ರಕ್ಕೆ ಆ ಕೆರೆಬಯಲಿನ ರಾಗಿಯ ಬಿಯರೇ ಆಗಬೇಕು. ಬಯಲಲ್ಲೀಗ ರಾಗಿಯ ಬದಲು ಬಸ್ ನಿಲ್ದಾಣ ಎದ್ದಿತ್ತು. ಪೀಪಾಯಿಯ ಕೊನೆಯ ಲೋಟವನ್ನು ಅವಳು ಗುರುವಾರಕ್ಕೊಮ್ಮೆ ತಪ್ಪದೆ ಬರುವ ದೇವಯ್ಯನವರಿಗೆಂದೇ ಎತ್ತಿಟ್ಟಿದ್ದಳು. ಚಿತ್ರದಲ್ಲಿ ಕೆರೆಯ ಮೆಟ್ಟಿಲ ಮೇಲೆ ಕೂತಿದ್ದವಳು ಅವರ ತೀರಿಹೋದ ಹೆಂಡತಿ.

ಆ ಗುರುವಾರ ದೇವಯ್ಯ ಲೋಟವನ್ನು ಲೋಲಾಕ್ಷಿಯತ್ತ ಸರಿಸಿದರು. "ಇದೇ ಕಡೇದು ಅಂತ ಅವಳ ಮುಖ ನೋಡ್ಕೊಂಡು ಹೇಳಕ್ಕೆ ನನ್ ಕೈಲಾಗಲ್ಲಮ್ಮ. ನೀನೇ ಹೋಗಿ ಹೇಳ್ಬಿಟ್ಟು ಬಾ."

ಲೋಲಾಕ್ಷಿ ಕುಡಿದಳು. ರಾಗಿಯ ಘಮದ ಬೆನ್ನಿಗೇ ಕೆರೆಯ ತಂಪು ಪಾದಕ್ಕೆ ತಾಗಿತು. ಹೆಂಗಸು ಹಿಂದಿರುಗಿ ನೋಡಿ, ತನ್ನ ಪಕ್ಕದ ಜಾಗವನ್ನು ಸೆರಗಿನಿಂದ ಒರೆಸತೊಡಗಿದಳು.

"ಅವ್ರು ಹಿಂದ್ಗಡೆ ಬರ್ತಿದ್ದಾರಾ? ಮಂಡಿನೋವು ಅವ್ರಿಗೆ. ನಿಧಾನಕ್ಕೆ ಬರ್ಲಿ ಬಿಡು."

ಲೋಲಾಕ್ಷಿ ಬಾಯಿ ತೆರೆಯುವಷ್ಟರಲ್ಲಿ ನೊರೆ ಆರಿತು.

ಮರಳಿ ನಿಂತವಳ ಸೀರೆಯಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ದೇವಯ್ಯ ಅದನ್ನೇ ನೋಡುತ್ತ ಕೇಳಿದರು, "ಹೇಳಿದ್ಯಾ? ಏನಂದ್ಲು?"

"ನಿಧಾನಕ್ಕೆ ಬನ್ನಿ ಅಂದ್ರು," ಎಂದಳು ಲೋಲಾಕ್ಷಿ.