ವರುಣೆ ದಾಟುವ ಗಾಡಿ

ಪ್ಯಾಸೆಂಜರ್ ಗಾಡಿ ವರುಣಾ ನದಿಯ ಸೇತುವೆ ಹತ್ತುತ್ತಿದ್ದಂತೆ ಮಂಜಪ್ಪ ಎದೆಯ ಮೇಲೆ ಕೈ ಒತ್ತಿ ಉಸಿರು ಬಿಗಿಹಿಡಿದ. ಕಾಶಿಯ ಗಡಿ ಅಲ್ಲಿಗೆ ಮುಗಿಯಿತು. ಇನ್ನು ಪ್ರಾಣ ಹೋದರೆ ಅದು ಬರೀ ಸಾವು, ಮುಕ್ತಿಯಲ್ಲ.

ಹನ್ನೊಂದು ವರ್ಷದ ಹಿಂದೆ, ಹೆಂಡತಿ ಸುಭದ್ರಾ ತೀರಿಕೊಂಡ ಮೇಲೆ, ಅವನು ಹಾವೇರಿ ಕಡೆಯಿಂದ ಕಾಶಿಗೆ ಬಂದದ್ದೇ ಸಾಯುವುದಕ್ಕೆ. ಊರವರು ಹಾರ ಹಾಕಿ, ಕಾಲಿಗೆ ಬಿದ್ದು, ಮುಂಗಡವಾಗಿಯೇ ಅತ್ತು ಕಳಿಸಿದ್ದರು. ಸೋನಾರ್‌ಪುರದ ಹಿಂದಿನ ಗಲ್ಲಿಯಲ್ಲಿ ಇಂಥ ಕನ್ನಡದ ಮುದುಕರಿಗೆಂದೇ ಒಂದು ಮುಕ್ತಿಮನೆ. ನಡೆಸುವವರು ಅಮರಯ್ಯನವರು. ತಾವೂ ಸಾಯಲೆಂದೇ ಬಂದು ಇಪ್ಪತ್ತು ವರ್ಷವಾಗಿತ್ತು.

ಅಲ್ಲಿ ಕಟ್ಟಳೆ ಎರಡೇ. ಕಾಶಿಯ ಗಡಿ ದಾಟಬಾರದು, ಔಷಧಿ ಮುಟ್ಟಬಾರದು. “ಗುಳಿಗಿ ಬೇಕಾದವರು ಊರಾಗ ಇರಬೇಕಿತ್ತು,” ಎನ್ನುವರು ಅಮರಯ್ಯನವರು. ಹೋದ ಚಳಿಗಾಲದಲ್ಲಿ ಅಲ್ಲೇ ಇದ್ದ ಪ್ರಭುಲಿಂಗಯ್ಯನ ದಿಂಬಿನಡಿ ಕೆಮ್ಮಿನ ಗುಳಿಗೆ ಸಿಕ್ಕ ದಿನವೇ ಅವನ ಟ್ರಂಕು ಗಲ್ಲಿಗೆ ಬಂದಿತ್ತು.

ಮಂಜಪ್ಪನ ಕಷ್ಟ ಇಷ್ಟೆ: ಸಾಯಲು ಬಂದವನಿಗೆ ಕಾಶಿಯ ರುಚಿ ಹತ್ತಿತ್ತು. ಬೆಳಗಿನ ಬಿಸಿ ಕಚೋರಿ, ಚಳಿಗಾಲದಲ್ಲಿ ಬಾಯಲ್ಲಿಟ್ಟರೆ ಕರಗುವ ಹಾಲಿನ ನೊರೆ ಮಲೈಯೋ, ಹನುಮಾನ್ ಘಾಟಿನ ಮೆಟ್ಟಿಲ ಬಿಸಿಲು. ಹೋದ ತಿಂಗಳು ಎದೆ ಹಿಂಡಿದಾಗ ಶಿವ ಶಿವಾ ಎನ್ನುವ ಬದಲು “ಇವತ್ತು ಬ್ಯಾಡೋ ಮಾರಾಯಾ” ಎಂದುಬಿಟ್ಟಿದ್ದ.

ಪೇಟೆಯಲ್ಲಿ ಡಾಕ್ಟರನ್ನು ಕಾಣುವಂತಿಲ್ಲ. ಸೋನಾರ್‌ಪುರದ ಔಷಧಿ ಅಂಗಡಿಯವರೆಲ್ಲ ಸಂಜೆಗೆ ಅಮರಯ್ಯನವರ ಕಾಲಿಗೆ ಬೀಳುವವರೇ. ಮೇಲಾಗಿ ಎದೆಯೊಳಗೆ ಆಗುವುದನ್ನು ಹೇಳುವಷ್ಟು ಹಿಂದಿ ಅವನಿಗಿಲ್ಲ. ತಾಸಿನ ದಾರಿಯ ಹಳ್ಳಿಯ ಆಸ್ಪತ್ರೆಯಲ್ಲಿ ಪ್ರತೀಕ್ಷಾ ಎಂಬ ಕನ್ನಡದ ಡಾಕ್ಟರಮ್ಮ ಇದ್ದಾಳೆ, ತಿಂಗಳ ಮೊದಲ ಮಂಗಳವಾರ ಎದೆಬೇನೆಯವರನ್ನು ನೋಡುತ್ತಾಳೆ ಎಂದು ಯಾತ್ರಿಕರೊಬ್ಬರು ಹೇಳಿದ್ದರು. ಅಮರಯ್ಯನವರು ಕೋಣೆಯ ಬಾಗಿಲು ಹಾಕಿಕೊಂಡು ಸಂಜೆಯವರೆಗೆ ಮೌನವ್ರತ ಹಿಡಿಯುವುದೂ ಅಂದೇ. ಶಿವನ ಕೃಪೆ ಎಂದುಕೊಂಡು ಮಂಜಪ್ಪ ಹನ್ನೊಂದು ವರ್ಷದಲ್ಲಿ ಮೊದಲ ಸಲ ಗಾಡಿ ಹತ್ತಿದ್ದ.

ಸೇತುವೆ ದಾಟಿತು. ಉಸಿರು ಬಿಟ್ಟು ತಲೆ ಎತ್ತಿದರೆ ಎದುರು ಸೀಟಿನಲ್ಲಿ ಶಿವಬಸಯ್ಯ. ಮುಕ್ತಿಮನೆಯಲ್ಲಿ ಅವನ ಪಕ್ಕದ ಮಂಚದವನು. ಪ್ರಭುಲಿಂಗಯ್ಯನ ದಿಂಬು ಎತ್ತಿ ತೋರಿಸಿದವನೂ ಅವನೇ.

“ಏನ್ರಿ ಮಂಜಪ್ಪನೋರ, ಹೊಳಿ ದಂಡಿಗೆ ಜಪಕ್ಕ ಹೊಂಟೀನಿ ಅಂದಿದ್ರಿ?”

“ಗಾಡ್ಯಾಗೂ ಜಪ ಆಗತೈತ್ರಿ ಅಯ್ಯನವರ. ತಾವು?”

“ನಂದೂ ಅದ. ಜಪ.”

ಪೇಟೆಗೆ ಹಾಲು ಹಾಕಿ ಖಾಲಿ ಕ್ಯಾನಿನೊಂದಿಗೆ ಮರಳುತ್ತಿದ್ದ ಹಾಲಿನವನು “ಬಾಬಾ, ಉತರ್ನಾ ಕಹಾಂ ಹೈ?” ಎಂದ. ಇಳಿಯುವುದೆಲ್ಲಿ ಎಂದು ಇಬ್ಬರೂ ಹೇಳಲಿಲ್ಲ. ಒಬ್ಬರ ಬಾಯಿ ಒಬ್ಬರು ನೋಡುತ್ತ ಕೂತರು.

“ಸಂಜಿಗೆ ಅಮರಯ್ಯನೋರು ಮೌನ ಬಿಡ್ತಾರ,” ಶಿವಬಸಯ್ಯ ಕಿಟಕಿಯಾಚೆ ನೋಡುತ್ತ ಅಂದ. “ಕಂಡದ್ದನ್ನ ಹೇಳೂದು ನನ್ನ ಧರ್ಮ.”

“ಹೇಳ್ರಿ. ಎಲ್ಲಿ ಕುಂತು ಕಂಡ್ರಿ ಅಂತನೂ ಹೇಳಬೇಕಾಗತೈತಿ.”

ಶಿವಬಸಯ್ಯನಿಗೆ ಕೆಮ್ಮು ಬಂತು.

ಹೊರಗೆ ಸಾಸಿವೆ ಹೂಬಿಟ್ಟಿತ್ತು. ಗೋಧಿ ಮೊಣಕಾಲೆತ್ತರ. ಇದು ತೆನೆ ಕಟ್ಟುವುದನ್ನು ನೋಡಬೇಕು ಅನಿಸಿತು ಮಂಜಪ್ಪನಿಗೆ. ಕೂಡಲೇ ನಾಚಿಕೆಯೂ ಆಯಿತು.

ಇಳಿಯುವ ಸ್ಟೇಷನ್ ಬಂತು. ಬೇಕೆಂದೇ ಮಂಜಪ್ಪ ಏಳಲಿಲ್ಲ. ಶಿವಬಸಯ್ಯನೂ ಏಳಲಿಲ್ಲ. ಹಾಲಿನವನು ಇಳಿದುಹೋದ. ಗಾಡಿ ಸೀಟಿ ಹಾಕಿತು. ಇಬ್ಬರೂ ಒಟ್ಟಿಗೇ ಎದ್ದು, ಒಬ್ಬರ ಧೋತರ ಒಬ್ಬರು ತುಳಿಯುತ್ತ ಪ್ಲಾಟ್‌ಫಾರ್ಮಿಗೆ ಬಿದ್ದರು.

ಹೊಲದ ನಡುವಿನ ದಾರಿಯಲ್ಲಿ ಮಂಜಪ್ಪ ಬಿರಬಿರನೆ ನಡೆದ. ಹಿಂದೆ ಚಪ್ಪಲಿಯ ಸಪ್ಪಳ ಬಿಡಲಿಲ್ಲ. ಕಾಲುವೆಯ ಮೋರಿ ಹತ್ತಿರ ಎದೆ ಹಿಂಡಿತು. ಕಣ್ಣು ಕತ್ತಲಾಗಿ ಕುಸಿದು ಕೂತ. ಹನ್ನೊಂದು ವರ್ಷ ಗಂಗೆಯ ದಂಡೆಯಲ್ಲಿ ಕಾದವನಿಗೆ ಸಾವು ಬಂದದ್ದು ಈ ಮೋರಿಯ ಮೇಲೆ, ಅದೂ ಚಾಡಿಕೋರನ ಕಣ್ಣೆದುರು.

“ಬಾಯಿ ತೆಗೀರಿ,” ಶಿವಬಸಯ್ಯ ಒಳಜೇಬಿನಿಂದ ಏನೋ ತೆಗೆದ. “ನಾಲಿಗಿ ಕೆಳಗ ಇಟ್ಕೋರಿ. ನುಂಗಬ್ಯಾಡ್ರಿ.”

ಸ್ವಲ್ಪ ಹೊತ್ತಿಗೆ ಎದೆ ಸಡಿಲವಾಯಿತು. “ಇದು ನಿಮ್ಮ ಹತ್ರ ಹೆಂಗ?”

“ಮೂರು ವರ್ಷಾತು. ಮಗ ಖಾರಪುಡಿ ಡಬ್ಬಿಯೊಳಗ ಇಟ್ಟು ಕಳಿಸ್ತಿದ್ದ. ಈ ಸಲ ಬರಲಿಲ್ಲ, ಅದಕ್ಕ ಆ ಡಾಕ್ಟರಮ್ಮನ ಕಡೆ ಹೊಂಟೀನಿ. ಈಗ ಕೊಟ್ಟದ್ದು ಕಡೀದು.”

“ಮತ್ತ ಪ್ರಭುಲಿಂಗಯ್ಯಂದು...”

“ಅವನ ದಿಂಬು ಎತ್ತಿ ತೋರಿಸಿದ ಮ್ಯಾಲ ನನ್ನ ದಿಂಬು ಯಾರೂ ಎತ್ತಲಿಲ್ಲ,” ಎಂದ ಶಿವಬಸಯ್ಯ ತಲೆ ತಗ್ಗಿಸಿ.

ಮಂಜಪ್ಪನಿಗೆ ಸಿಟ್ಟು ಬರಬೇಕಿತ್ತು. ನಾಲಿಗೆಯಡಿ ಇನ್ನೂ ಅವನದೇ ಗುಳಿಗೆಯ ಕಹಿ ಇತ್ತು. ಅವನ ಹೆಗಲ ಮೇಲೆ ಕೈಯಿಟ್ಟು ಎದ್ದ. ಅಮರಯ್ಯನವರ ಕಿವಿಗೆ ಬಿದ್ದರೆ ಇಬ್ಬರ ಟ್ರಂಕೂ ಗಲ್ಲಿಗೆ. ಯಾರಿಗೂ ಹೇಳುವುದಿಲ್ಲವೆಂದು ಇಬ್ಬರೂ ವಿಶ್ವನಾಥನ ಆಣೆ ಮಾಡಿದರು.

ಆಸ್ಪತ್ರೆಯ ಪಡಸಾಲೆಯಲ್ಲಿ ಸಣ್ಣ ಜಗಳವೇ ಆಯಿತು. “ನೀವು ಮೊದಲ ಹೋಗ್ರಿ, ಜೀವಾ ಹೋಗಿ ಬಂದೈತಿ ನಿಮ್ದು.” “ಛೆ, ನಿಮ್ಮ ಗುಳಿಗಿ ತೀರ್‍ಯಾವ, ನೀವು ಹೋಗ್ರಿ ಅಯ್ಯನವರ.”

“ಪಾಳಿ ಪ್ರಕಾರ ಬರ್ರೆಪಾ,” ಎಂದು ಬೆಂಚಿನ ತುದಿಯಲ್ಲಿ ಒಂದನೇ ನಂಬರಿನ ಚೀಟಿ ಹಿಡಿದು ಕೂತಿದ್ದ ಅಮರಯ್ಯನವರು ಮೌನ ಮುರಿದರು, “ನಾ ಮುಂಜಾನಿ ಮೊದಲನೇ ಗಾಡಿಗೇ ಬಂದು ಕುಂತೀನಿ.”