ಬದುವಿನ ಮೇಲಿನ ಉಂಗುರ

ರಾಜನೂ ಇಲ್ಲದ, ರಾಕ್ಷಸನೂ ಇಲ್ಲದ ಒಂದು ಊರಿತ್ತು, ಮೇಡ್ಲೇರಿ. ಅಲ್ಲಿ ಅಣ್ಣತಮ್ಮಂದಿರ ಹೆಂಡಿರಾದ ಇಬ್ಬರು ನೆಗೆಣ್ಣಿಯರಿದ್ದರು. ತಮ್ಮ ಹೊಲದಲ್ಲಿ ಬೀಜದ ಕಂಪನಿಗಾಗಿ ಟೊಮ್ಯಾಟೊ ಬೆಳೆಯುತ್ತಿದ್ದರು. ಸಂಜೆಯಾದರೆ ಕಿರಿಯಳಾದ ಮೈಲವ್ವ ಗಿಡದಲ್ಲೇ ಮೊಗ್ಗು ತೆರೆದು, ಒಳಗಿನ ಗಂಡುಭಾಗ ಕಿತ್ತು ಹಾಕುವಳು. ಮುಂಜಾನೆ ಬೇರೆ ಸಾಲಿನ ಹೂವಿನ ಪುಡಿಯನ್ನು ಪುಟ್ಟ ಬಟ್ಟಲಿದ್ದ ಪ್ಲಾಸ್ಟಿಕ್ ಉಂಗುರಕ್ಕೆ ತುಂಬಿ, ಬದುವಿನ ಕಲ್ಲಿನ ಮೇಲೆ ಇಡುವಳು. ಹಿರಿಯಳಾದ ಕೆಂಚವ್ವ ಅದನ್ನು ಬೆರಳಿಗೆ ತೊಟ್ಟು ಒಂದೊಂದು ಹೂವಿಗೂ ಮುಟ್ಟಿಸುವಳು. ಕತೆಗಳಲ್ಲಿ ನೆಗೆಣ್ಣಿಯರು ಒಬ್ಬರಿಗೊಬ್ಬರು ವಿಷ ಹಾಕುತ್ತಾರೆ. ಇವರು ದಿನಾ ಜಗಳವಾಡಿ, ಒಬ್ಬರ ತಲೆ ಒಬ್ಬರು ಬಾಚುತ್ತಿದ್ದರು.

ಒಂದು ದಿನ ಕೆಂಚವ್ವ ಕಾಯಿಲೆ ಬಿದ್ದು ಹಾವೇರಿಯ ಆಸ್ಪತ್ರೆ ಸೇರಿದಳು. "ಹೂವ ಒಣಗಸಬ್ಯಾಡಲೇ," ಎಂದಳು.

"ಇಲ್ಲಕ್ಕ, ನಿನ್ನ ಕೆಲಸಾನೂ ನಾನ ಮಾಡ್ತೇನಿ," ಎಂದು ಮೈಲವ್ವ ಮಾತು ಕೊಟ್ಟಳು. ಅಕ್ಕನನ್ನು ಮಣ್ಣು ಮಾಡಿ ಹೊಲಕ್ಕೆ ಮರಳಿದವಳು ಅವಳೊಬ್ಬಳೇ.

ಒಂದು ಮುಂಜಾನೆ ಕಂಪನಿಯ ಹುಡುಗಿ ಪ್ರಿಯಾಂಕಾ ರಾಣೆಬೆನ್ನೂರಿನಿಂದ ಸ್ಕೂಟಿಯಲ್ಲಿ ಬಂದು ಗಿಡ ತಿರುವಿ ನೋಡಿದಳು. "ಮೈಲವ್ವಾರ, ಒಂದ ಕಾಯೀನೂ ಕಚ್ಚಿಲ್ಲಲ್ರಿ. ಪುಡಿ ಮುಟ್ಟಿಸಿಲ್ಲೇನು?"

"ಯಾಕ ಮುಟ್ಟಸಂಗಿಲ್ಲ, ತಂಗಿ? ದಿನಾ ತುಂಬಿ ಇಟ್ಟೇನಲ್ಲ."

"ಇಟ್ಟೀರಿ. ತೊಗೊಂಡೋರು ಯಾರು?"

ಮೈಲವ್ವ ತಿರುಗಿದಳು. ಕಲ್ಲಿನ ಮೇಲೆ ಉಂಗುರ ತುಂಬಿದಂತೆಯೇ ಇತ್ತು, ಪುಡಿಯಲ್ಲಿ ಇರುವೆ ಹರಿದಾಡುತ್ತಿದ್ದವು. ಅಕ್ಕನ ಮೇಲೆ ಹಿಡಿ ಮಣ್ಣು ಹಾಕಿದ್ದು ಇದೇ ಕೈ. ಆದರೂ ದಿನಾ ಉಂಗುರ ಇಟ್ಟು, ಹಿಂದೆ ಅಕ್ಕನ ಕೈಯಲ್ಲಿ ಕೆಲಸ ಸಾಗಿದೆ ಎಂಬ ನೆಮ್ಮದಿಯಲ್ಲಿ ಆಚೆ ಸಾಲಿಗೆ ನಡೆದುಬಿಡುತ್ತಿದ್ದಳು.

"ನನಗ ಹುಚ್ಚ ಹಿಡದೈತೇನು?"

ಪ್ರಿಯಾಂಕಾ ಬದುವಿನ ಮೇಲೆ ಕುಳಿತಳು. "ಹುಚ್ಚಲ್ರಿ. ನಮ್ಮಪ್ಪ ಹೋದಮ್ಯಾಲೆ ಗೇಟ್ ಸಪ್ಪಳಾದ್ರ ಸಾಕು, ಅಪ್ಪ ಬಂದ ಅಂತ ನಾನೂ ಎದ್ದು ಹೋಗ್ತಿದ್ದೆ. ಡಾಕ್ಟರ್ ಅಂದ್ರು, ಮಿದುಳು ವರ್ಷಗಟ್ಟಲೆ ಒಬ್ಬರನ್ನ ನಂಬಿ ದಾರಿ ಹಾಕ್ಕೊಂಡಿರತೈತಿ, ಅವರಿಲ್ಲ ಅಂತ ಒಮ್ಮೆ ಹೇಳಿದ್ರ ಕೇಳಂಗಿಲ್ಲ. ಮತ್ತ ಹೊಸದಾಗಿ ಕಲೀಬೇಕಂತ."

"ಹಂಗಾರ ಈ ದಡ್ಡ ತಲೀಗೆ ಪಾಟಿ ಕೊಟ್ಟು ಮತ್ತ ಸಾಲಿಗೆ ಹಾಕು," ಮೈಲವ್ವ ನಗಲು ನೋಡಿದಳು. "ನಮ್ಮಕ್ಕ ಇದ್ದಿದ್ರ, ನಿನಗ ತಲಿ ಎಲ್ಲೈತಿ ಅಂತಿದ್ಲು."

"ಈ ವಾರ ಕಾಯಿ ಕಚ್ಚದಿದ್ರ ಕಂಪನಿ ನಿಮ್ಮ ಹೊಲ ಬಿಡತೈತ್ರಿ. ಇವತ್ತ ನಾನ ಮುಟ್ಟಿಸಲೇನು?"

"ಬ್ಯಾಡ. ಮಾತ ಕೊಟ್ಟಾಕಿ ನಾನು."

ಇರುವೆ ಕೊಡವಿ ಹೊಸ ಪುಡಿ ತುಂಬಿದಳು. ಉಂಗುರ ಬೆರಳ ತುದಿಗೆ ಬಂದು ನಿಂತಿತು. ಅದನ್ನು ತೊಡುವುದೆಂದರೆ, ಇನ್ನು ಯಾರೂ ಬರುವುದಿಲ್ಲ ಎಂದು ಕೈಗೆ ತಾನೇ ಹೇಳಬೇಕಿತ್ತು. ಕಣ್ಣು ಮುಚ್ಚಿ ತೊಟ್ಟಳು. ಮೊದಲ ಹೂವಿಗೆ ಮುಟ್ಟಿಸಿದಳು, ಎರಡನೆಯದಕ್ಕೂ ಮುಟ್ಟಿಸಿದಳು. ಆಮೇಲೆ ಗಿಡದಿಂದ ಗಿಡಕ್ಕೆ, ಸಾಲಿನಿಂದ ಸಾಲಿಗೆ ಬಗ್ಗಿ ನಡೆದಳು.

ಬಿಸಿಲು ನೆತ್ತಿಗೇರುತ್ತಿದ್ದಾಗ ಕಡೆಯ ಹೂವು ಸಿಕ್ಕಿತು. ಅದಕ್ಕೂ ಮುಟ್ಟಿಸಿ, ಸೊಂಟ ನೆಟ್ಟಗೆ ಮಾಡಿ, ಬದುವಿನತ್ತ ನೋಡದೆಯೇ ಕೂಗಿದಳು: "ಅಕ್ಕಾ, ಮುಗೀತು. ಬುತ್ತಿ ಬಿಚ್ಚು."

ಪ್ರಿಯಾಂಕಾ ಎದ್ದು ಹೋಗಿ ಬುತ್ತಿ ಬಿಚ್ಚಿದಳು.